ಬೆರಳಿಟ್ಟು ತೋರಿಸಲು ಒಂದು ಜಾಗ

ನಮ್ಮ ಆಫೀಸಿನಲ್ಲಿ ಪ್ರತಿದಿನ ಕೇಳಿಬರುತ್ತಿದ್ದ ಒಂದು ಪ್ರಶ್ನೆ ಇತ್ತು: "ಇದು ಯಾವ ಫೈಲು?" ಕೀಬೋರ್ಡಿನ ಮುಂದೆ ಕೂತವರು ಇದನ್ನು ಎಂದೂ ಕೇಳುತ್ತಿರಲಿಲ್ಲ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತವರು, ಬೆನ್ನ ಹಿಂದೆ ನಿಂತವರು, ಮೇಜಿನ ಆಚೆ ಬದಿಯಿಂದ ಬಗ್ಗಿ ನೋಡುವ ಕ್ಲೈಂಟು ಕೇಳುತ್ತಿದ್ದರು. ಬಹಳ ದಿನ ನಾನು ಇದನ್ನು ಗಮನ ಕೊಡಬೇಕಾದ ಸಂಗತಿ ಎಂದುಕೊಂಡಿರಲಿಲ್ಲ. ಕಂಪ್ಯೂಟರ್ ಗೊತ್ತಿರುವವರು, ಗೊತ್ತಿಲ್ಲದವರು ಎಂಬ ಸುಲಭದ ವಿಂಗಡಣೆಯಲ್ಲಿ ಅದು ಮುಗಿದುಹೋಗುತ್ತಿತ್ತು. ಆದರೆ ಎಕ್ಸೆಲ್ ಚೆನ್ನಾಗಿಯೇ ಬಲ್ಲ ನನ್ನ ಜೊತೆಯವರು ಪಕ್ಕದ ಕುರ್ಚಿಗೆ ಬಂದ ಕೂಡಲೇ ಅದೇ ಪ್ರಶ್ನೆ ಕೇಳುವುದನ್ನು ಕಂಡ ಮೇಲೆ, ತೊಡಕು ಇರುವುದು ತಿಳಿವಳಿಕೆಯಲ್ಲಲ್ಲ, ಪರದೆಯಲ್ಲೇ ಎನ್ನಿಸತೊಡಗಿತು. ತೆರೆದ ಫೈಲುಗಳ ಹೆಸರನ್ನು ಸಾಲಾಗಿ ತೋರಿಸುವ ಒಂದು ಟ್ಯಾಬ್ ಪಟ್ಟಿ ಆ ತೊಡಕನ್ನು ಹೇಗೆ ಬಿಡಿಸಿತು ಎಂಬುದೇ ಈ ಬರಹ.

ಶಿವಮೊಗ್ಗದ ಒಂದು ಆಡಿಟರ್ ಆಫೀಸಿನಲ್ಲಿ ನನ್ನ ಕೆಲಸ. ಊರಿನ ಹಾರ್ಡ್‌ವೇರ್ ಅಂಗಡಿಗಳು, ಅಡಿಕೆ ಮಂಡಿಗಳು, ಒಂದೆರಡು ರೈಸ್ ಮಿಲ್ಲು, ಇಂಥವರ ಲೆಕ್ಕ. ಕೆಲಸದ ಬಹುಪಾಲು ತಾಳೆ ನೋಡುವುದು. ಅಂಗಡಿಯವರು ಟ್ಯಾಲಿಯಲ್ಲಿ ಬರೆದ ಖರೀದಿ ಒಂದು ಕಡೆ, ಜಿಎಸ್‌ಟಿ ಪೋರ್ಟಲ್‌ನಿಂದ ಇಳಿಸಿಕೊಂಡ 2ಬಿ, ಅಂದರೆ ಮಾಲು ಕೊಟ್ಟವರು ತೋರಿಸಿದ ಬಿಲ್ಲುಗಳ ತಿಂಗಳ ಪಟ್ಟಿ, ಇನ್ನೊಂದು ಕಡೆ. ಎರಡರಲ್ಲೂ ಇರುವ ಬಿಲ್ಲಿಗೆ ತೊಂದರೆ ಇಲ್ಲ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಬಿಲ್ಲಿನ ಬೆನ್ನು ಹತ್ತುವುದೇ ಕೆಲಸ.

ಈ ಬೆನ್ನು ಹತ್ತುವಿಕೆಗೆ ಎಷ್ಟು ಫೈಲು ಬೇಕು ಎನ್ನುವುದು ಈ ಕೆಲಸ ಮಾಡಿದವರಿಗೆ ಗೊತ್ತು. ಮಾಲು ಕೊಟ್ಟವರು ತಮ್ಮ ಮಾರಾಟದ ರಿಟರ್ನ್ ಆದ ಆರ್-1 ಅನ್ನು ಮುಂದಿನ ತಿಂಗಳ 11ರೊಳಗೆ ಸಲ್ಲಿಸಿದರೆ, 14ಕ್ಕೆ ತಯಾರಾಗುವ 2ಬಿಯಲ್ಲಿ ಆ ಬಿಲ್ಲು ಕಾಣುತ್ತದೆ. ತಡ ಮಾಡಿದರೆ ಮುಂದಿನ ತಿಂಗಳಿಗೆ ಜಾರುತ್ತದೆ, ಇನ್ನೂ ತಡ ಮಾಡಿದರೆ ಅದರ ಮುಂದಿನದಕ್ಕೆ. ಮಾರ್ಚ್ ಕೊನೆಯ ವಾರದ ಒಂದು ಸಿಮೆಂಟ್ ಬಿಲ್ಲು ಮಾರ್ಚ್, ಏಪ್ರಿಲ್, ಮೇ, ಜೂನ್ ಯಾವುದರಲ್ಲಾದರೂ ಕೂತಿರಬಹುದು. ವಾರ್ಷಿಕ ರಿಟರ್ನ್ ಹೊತ್ತಿಗೆ ಇಡೀ ವರ್ಷದ 2ಬಿ, ಆ ವರ್ಷದ ಖರೀದಿಗೆ ಕೊಟ್ಟ ತೆರಿಗೆಯ ಕ್ರೆಡಿಟ್ ತೆಗೆದುಕೊಳ್ಳಲು ನವೆಂಬರ್ 30ರವರೆಗೆ ಅವಕಾಶ ಇರುವುದರಿಂದ ಮುಂದಿನ ವರ್ಷದ ಮೊದಲ ತಿಂಗಳುಗಳದ್ದು, ಜೊತೆಗೆ ಟ್ಯಾಲಿಯ ರಿಜಿಸ್ಟರ್, ಸಲ್ಲಿಸಿದ 3ಬಿಯ (ತೆರಿಗೆ ಕಟ್ಟುವ ರಿಟರ್ನ್) ಪಟ್ಟಿ, ಎಲ್ಲವೂ ಒಟ್ಟಿಗೆ ತೆರೆದಿರಬೇಕು. ಮತ್ತು 2ಬಿ ಫೈಲುಗಳೆಲ್ಲ ನೋಡಲು ಒಂದೇ ಥರ. ಅದೇ ಕಾಲಮ್ಮು, ಅದೇ ಬಣ್ಣದ ತಲೆಬರಹ, ಕೆಳಗೆ ಅದೇ ಹೆಸರಿನ ಶೀಟುಗಳು.

ರಾಯರು ಕೈಬಿಟ್ಟ ಬಿಲ್ಲಿನ ಕಟ್ಟು

ನಮ್ಮಲ್ಲಿ ರಾಯರು ಎಂದು ಎಲ್ಲರೂ ಕರೆಯುವ ಹಿರಿಯರಿದ್ದರು. ಕೈಬರಹದ ಲೆಡ್ಜರ್ ಕಾಲದಿಂದ ಬಂದವರು. ಬಿಲ್ಲು ನೋಡಿದರೆ ಯಾವ ಏಜೆನ್ಸಿ, ಅವರು ತಿಂಗಳಿನ ಯಾವ ದಿನ ಮಾಲು ಕಳಿಸುತ್ತಾರೆ, ಯಾರು ಸದಾ ತಡವಾಗಿ ರಿಟರ್ನ್ ಹಾಕುತ್ತಾರೆ, ಎಲ್ಲ ಅವರ ಬಾಯಲ್ಲಿತ್ತು. ಆ ಜ್ಞಾನ ಯಾವ ಫೈಲಿನಲ್ಲೂ ಇಲ್ಲ. ಹಾಗಾಗಿ ತಾಳೆಗೆ ಸಿಗದ ಬಿಲ್ಲುಗಳಿಗೆ ನಾವು ಜೋಡಿಯಾಗಿ ಕೂರುತ್ತಿದ್ದೆವು. ಅವರ ಕೈಯಲ್ಲಿ ಬಿಲ್ಲಿನ ಕಟ್ಟು, ನನ್ನ ಕೈಯಲ್ಲಿ ಮೌಸ್. ಅವರು ನಂಬರ್ ಓದುವುದು, ನಾನು ಹುಡುಕುವುದು.

ಒಂದು ಡಿಸೆಂಬರ್‌ನ ಸಂಜೆ. ವಾರ್ಷಿಕ ರಿಟರ್ನಿಗೆ 31 ಕೊನೆಯ ದಿನ, ಹಾಗಾಗಿ ಆ ತಿಂಗಳು ಆಫೀಸಿನಲ್ಲಿ ದೀಪ ಆರುವುದೇ ತಡವಾಗಿ. ಒಂದು ಹಾರ್ಡ್‌ವೇರ್ ಅಂಗಡಿಯ ಪೇಂಟ್ ಬಿಲ್ಲು ಸಿಕ್ಕಿರಲಿಲ್ಲ. ನಾನು ಆಲ್ಟ್ ಒತ್ತಿಹಿಡಿದು ಟ್ಯಾಬ್ ಕೀ ಬಡಿಯುತ್ತಾ ಒಂದಾದ ಮೇಲೊಂದು ತಿಂಗಳು ತೆಗೆದು, ಕಂಟ್ರೋಲ್-ಎಫ್‌ನಲ್ಲಿ ನಂಬರ್ ಹಾಕಿ, ಇಲ್ಲ ಎಂದು ಮುಂದೆ ಹೋಗುತ್ತಿದ್ದೆ. ರಾಯರು ಪರದೆಯನ್ನೇ ನೋಡುತ್ತಿದ್ದರು.

"ಇದು ಮೇ ತಿಂಗಳದಾ ಅಮ್ಮ?"

"ಅಲ್ಲ ಸರ್, ಇದು ಏಪ್ರಿಲ್. ಮೇ ಈಗ ತೆಗೀತೀನಿ."

"ಈಗಷ್ಟೇ ಒಂದು ನೋಡಿದೆವಲ್ಲ, ಅದು?"

"ಅದು ಟ್ಯಾಲೀದು ಸರ್."

ಸ್ವಲ್ಪ ಹೊತ್ತು ಹೀಗೇ ನಡೆಯಿತು. ಆಮೇಲೆ ಅವರು ಬಿಲ್ಲಿನ ಕಟ್ಟನ್ನು ಮೇಜಿನ ಮೇಲಿಟ್ಟು, "ನೀನು ನೋಡಿಬಿಡಮ್ಮ, ಸಿಕ್ಕಿದ್ದು ಬರೆದಿಡು, ನಾನು ಆಮೇಲೆ ನೋಡ್ತೀನಿ" ಎಂದು ಎದ್ದು ತಮ್ಮ ಜಾಗಕ್ಕೆ ಹೋದರು. ಕೋಪ ಇರಲಿಲ್ಲ. ದಣಿವಿತ್ತು. ಬಿಲ್ಲಿನ ಬಗ್ಗೆ ನನಗಿಂತ ಎಷ್ಟೋ ಪಾಲು ಹೆಚ್ಚು ಬಲ್ಲವರು ಆ ಪರದೆಯ ಮುಂದೆ ದಾರಿ ತಪ್ಪಿದಂತಾಗಿ ಎದ್ದುಹೋದದ್ದು ನನಗೆ ಈಗಲೂ ಸರಿ ಎನ್ನಿಸುವುದಿಲ್ಲ.

ಯಾಕೆ ಹೀಗಾಯಿತು ಎಂದು ಯೋಚಿಸಿದೆ. ಆಲ್ಟ್-ಟ್ಯಾಬ್ ಒತ್ತುವವರಿಗೆ ತಾವು ಎಲ್ಲಿದ್ದೇವೆ ಎಂಬುದು ಗೊತ್ತಿರುತ್ತದೆ, ಏಕೆಂದರೆ ಯಾವ ಫೈಲನ್ನು ಯಾವುದರ ನಂತರ ತೆಗೆದೆ ಎಂಬುದು ಅವರ ಬೆರಳಿಗೇ ನೆನಪಿರುತ್ತದೆ. ಪಕ್ಕದವರಿಗೆ ಆ ನೆನಪಿಲ್ಲ. ಅವರಿಗೆ ಕಾಣುವುದು ಅಂಕಿಗಳ ಒಂದು ಹಾಳೆ ಹೋಗಿ ಇನ್ನೊಂದು ಹಾಳೆ ಬಂದದ್ದು ಮಾತ್ರ. ಯಾವುದು ಎಂದು ಹೇಳುವ ಗುರುತು ಇರುವುದು ಮೇಲ್ತುದಿಯ ಸಣ್ಣ ಅಕ್ಷರದ ಒಂದು ಸಾಲಿನಲ್ಲಿ. ಅಲ್ಲೂ ಪೋರ್ಟಲ್ ಕೊಟ್ಟ ಹೆಸರು: ಅಂಕಿ, ಇಂಗ್ಲಿಷ್ ಅಕ್ಷರಗಳ ಉದ್ದನೆಯ ಸಾಲು, ನಡುವೆ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ. ಟಾಸ್ಕ್‌ಬಾರಿನಲ್ಲಿ ಎಲ್ಲ ಎಕ್ಸೆಲ್ ಫೈಲುಗಳೂ ಒಂದೇ ಹಸಿರು ಚೌಕದಡಿ ಸೇರಿಕೊಂಡಿರುತ್ತವೆ. ರಾಯರು ಬಳಸುತ್ತಿದ್ದ ದಪ್ಪ ಲೆಡ್ಜರಿನ ಅಂಚಿನಲ್ಲಿ ಅಕ್ಷರ ಕೊರೆದ ಮೆಟ್ಟಿಲುಗಳಿರುತ್ತಿದ್ದವು. ಪುಸ್ತಕ ಯಾರ ತೊಡೆಯ ಮೇಲಿದ್ದರೂ ಪಕ್ಕದವರು ಆ ಮೆಟ್ಟಿಲಿನ ಮೇಲೆ ಬೆರಳಿಟ್ಟು "ಇಲ್ಲಿ ತೆಗಿ" ಎನ್ನಬಹುದಿತ್ತು. ನಮ್ಮ ಪರದೆಯಲ್ಲಿ ಹಾಗೆ ಬೆರಳಿಡಲು ಜಾಗವೇ ಇರಲಿಲ್ಲ.

ಹಿಂದೆ ಹೀಗಿರಲಿಲ್ಲ

ಎಕ್ಸೆಲ್ 2010ರವರೆಗೆ ಎಲ್ಲ ಫೈಲುಗಳೂ ಒಂದೇ ದೊಡ್ಡ ವಿಂಡೊದೊಳಗೆ ತೆರೆಯುತ್ತಿದ್ದವು. 2013ರ ಆವೃತ್ತಿಯಲ್ಲಿ ಪ್ರತಿ ಫೈಲೂ ಬೇರೆ ವಿಂಡೊ ಆಯಿತು, ಪ್ರತಿಯೊಂದಕ್ಕೂ ಅದರದೇ ರಿಬ್ಬನ್, ಅಂದರೆ ಮೇಲ್ಗಡೆಯ ಗುಂಡಿಗಳ ಸಾಲು. ವರ್ಡ್ ಈ ದಾರಿ ಹಿಡಿದದ್ದು ಅದಕ್ಕೂ ಬಹಳ ಹಿಂದೆ, 2000ದ ಆವೃತ್ತಿಯಲ್ಲೇ. ಎರಡು ಮಾನಿಟರ್ ಇಟ್ಟುಕೊಂಡವರು ಒಂದು ಫೈಲನ್ನು ಅಲ್ಲಿ, ಒಂದನ್ನು ಇಲ್ಲಿ ಹಾಕಿಕೊಳ್ಳಲಿ ಎಂಬುದು ಎಕ್ಸೆಲ್ ಬದಲಾವಣೆಯ ಹಿಂದಿದ್ದ ಒಂದು ಮುಖ್ಯ ಕಾರಣ. ಕಾರಣ ಸರಿಯಾದದ್ದೇ, ಎರಡು ಮಾನಿಟರ್ ಇರುವವರಿಗೆ. ನಮ್ಮಂಥ ಊರಿನ ಆಫೀಸಿನಲ್ಲಿ ಒಬ್ಬರಿಗೆ ಒಂದು ಮಾನಿಟರ್, ಕೆಲವು ಸಲ ಇಬ್ಬರಿಗೆ ಒಂದು. ಅದೇ 2013ರಲ್ಲಿ ಇನ್ನೊಂದೂ ಹೋಯಿತು: ತೆರೆದ ಫೈಲುಗಳನ್ನೆಲ್ಲ ಒಂದು ಗುಂಪಾಗಿ ಉಳಿಸಿ, ಮರುದಿನ ಒಂದೇ ಕ್ಲಿಕ್ಕಿಗೆ ಅಷ್ಟನ್ನೂ ತೆರೆಯುವ 'ಸೇವ್ ವರ್ಕ್‌ಸ್ಪೇಸ್'. ತಾಳೆ ನೋಡುವವರಿಗೆ ಅದಕ್ಕಿಂತ ಉಪಕಾರಿ ಗುಂಡಿ ಇನ್ನೊಂದಿರಲಿಲ್ಲ. ಅದನ್ನು ತೆಗೆದದ್ದಕ್ಕೆ ನನಗೆ ಈಗಲೂ ಬೇಸರವಿದೆ.

ವಿಚಿತ್ರ ಏನೆಂದರೆ, ಒಂದು ಫೈಲಿನ ಒಳಗೆ ಶೀಟುಗಳಿಗೆ ಕೆಳಗಡೆ ಟ್ಯಾಬ್ ಕೊಡುವುದನ್ನು ಎಕ್ಸೆಲ್ 1993ರ 5ನೇ ಆವೃತ್ತಿಯಿಂದಲೇ ಮಾಡುತ್ತಿದೆ. ಶೀಟು ಗೊತ್ತಿಲ್ಲದವರೂ ಆ ಸಾಲನ್ನು ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಬ್ರೌಸರಿನಲ್ಲಿ ಒಪೆರಾ, ಮೊಜಿಲ್ಲಾ ಈ ಪದ್ಧತಿಯನ್ನು ಜನರಿಗೆ ರೂಢಿ ಮಾಡಿಸಿದವು. 2006ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 7ರಲ್ಲಿ ಮೈಕ್ರೋಸಾಫ್ಟ್ ಕೂಡ ಒಪ್ಪಿಕೊಂಡಿತು. 2017ರಲ್ಲಿ 'ಸೆಟ್ಸ್' ಎಂಬ ಹೆಸರಿನಲ್ಲಿ ಯಾವ ಸಾಫ್ಟ್‌ವೇರಿನ ವಿಂಡೊಗಾದರೂ ಟ್ಯಾಬ್ ಕೊಡುವ ಯೋಜನೆ ಪ್ರಕಟಿಸಿ, ಪ್ರಯೋಗಕ್ಕೂ ಬಿಟ್ಟು, ಕೊನೆಗೆ ಕೈಬಿಟ್ಟಿತು. 2022ರಲ್ಲಿ ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರಿಗೆ ಟ್ಯಾಬ್ ಬಂತು, ಆಮೇಲೆ ನೋಟ್‌ಪ್ಯಾಡಿಗೂ ಬಂತು. ವರ್ಡ್, ಎಕ್ಸೆಲ್ ಮಾತ್ರ ಹೊರಗೇ ಉಳಿದವು. ಡಬ್ಲ್ಯುಪಿಎಸ್ ಆಫೀಸ್, ಓನ್ಲಿಆಫೀಸ್ ಎಂಬ ಬೇರೆ ಕಂಪನಿಗಳ ಆಫೀಸ್ ಸಾಫ್ಟ್‌ವೇರುಗಳಲ್ಲಿ ಫೈಲುಗಳ ಟ್ಯಾಬ್ ಸಾಲು ಸಿಗುತ್ತದೆ. ಗೂಗಲ್ ಶೀಟ್ಸ್ ಬಳಸುವವರಿಗೆ ಬ್ರೌಸರೇ ಅದನ್ನು ಒದಗಿಸುತ್ತದೆ.

ಪಟ್ಟಿ ಬಂದ ಮೇಲೆ

ಈ ಕೊರತೆಯನ್ನು ತುಂಬಲು ಹೊರಗಿನವರು ಮಾಡಿದ, ಎಕ್ಸೆಲ್, ವರ್ಡ್‌ಗೆ ಸೇರಿಸಿಕೊಳ್ಳುವ ಚಿಕ್ಕ ಸಾಫ್ಟ್‌ವೇರುಗಳು, ಅಂದರೆ ಆಡ್-ಇನ್‌ಗಳಿವೆ. ಹೆಚ್ಚು ಹೆಸರಾದದ್ದು 'ಆಫೀಸ್ ಟ್ಯಾಬ್'. ಹಣ ಕೊಡುವ ಆವೃತ್ತಿಯ ಜೊತೆಗೆ ಒಂದು ಉಚಿತ ಆವೃತ್ತಿಯನ್ನೂ ಅವರು ಕೊಟ್ಟಿದ್ದರು. ನಾನು ಮೊದಲು ನೋಡಿದ್ದು ಅದನ್ನೇ, ನನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ. ಹಾಕಿಕೊಂಡ ಮೇಲೆ ಎಕ್ಸೆಲ್ ತೆರೆದರೆ ಹಾಳೆಯ ಮೇಲ್ಗಡೆ ಒಂದು ತೆಳು ಪಟ್ಟಿ, ಅದರಲ್ಲಿ ತೆರೆದ ಪ್ರತಿ ಫೈಲಿನ ಹೆಸರು. ಬೇಕಾದ್ದರ ಮೇಲೆ ಕ್ಲಿಕ್ ಮಾಡಿದರೆ ಆ ಫೈಲು ಮುಂದೆ ಬರುತ್ತದೆ, ಎಳೆದರೆ ಸಾಲಿನಲ್ಲಿ ಹಿಂದೆ ಮುಂದೆ ಸರಿಯುತ್ತದೆ. ಅಷ್ಟೇ. ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ.

ಪಟ್ಟಿ ಬಂದ ಮೇಲೆ ಮೊದಲು ಬದಲಾದದ್ದು ಫೈಲಿಗೆ ಹೆಸರಿಡುವ ರೀತಿ. ಪೋರ್ಟಲ್ ಕೊಟ್ಟ ಉದ್ದನೆಯ ಹೆಸರು ಟ್ಯಾಬಿನ ಅಗಲಕ್ಕೆ ಹಿಡಿಸುವುದಿಲ್ಲ, ಬಾಲ ಕತ್ತರಿಸಿಹೋಗುತ್ತದೆ. ಹಾಗಾಗಿ ಇಳಿಸಿಕೊಂಡ ಕೂಡಲೇ 'ಏಪ್ರಿಲ್ 2ಬಿ', 'ಮೇ 2ಬಿ' ಎಂದು ಹೆಸರಿಟ್ಟು, ತಿಂಗಳ ಕ್ರಮದಲ್ಲಿ ಎಡದಿಂದ ಬಲಕ್ಕೆ ಜೋಡಿಸತೊಡಗಿದೆ. ಕ್ಲೈಂಟಿನ ಹೆಸರನ್ನೂ ಚಿಕ್ಕದಾಗಿ ಸೇರಿಸಬೇಕು. ಒಂದೇ ಹೆಸರಿನ ಎರಡು ಫೈಲನ್ನು ಎಕ್ಸೆಲ್ ಒಟ್ಟಿಗೆ ತೆರೆಯುವುದಿಲ್ಲ, ಅವು ಬೇರೆ ಬೇರೆ ಫೋಲ್ಡರಿನಲ್ಲಿದ್ದರೂ ಸರಿ. ಎಲ್ಲ ಅಂಗಡಿಗಳ ಫೋಲ್ಡರಿನಲ್ಲೂ 'ಪರ್ಚೇಸ್ ರಿಜಿಸ್ಟರ್' ಎಂಬ ಹೆಸರೇ ಇದ್ದರೆ ಎರಡನೆಯದಕ್ಕೆ ತಕರಾರು ಬರುತ್ತದೆ. (ಇನ್ನೊಂದು ಎಚ್ಚರ: ಒಂದು ಫೈಲಿನಿಂದ ಇನ್ನೊಂದರ ಅಂಕಿ ಹುಡುಕಿ ತರುವ ವಿ-ಲುಕಪ್ ಸೂತ್ರ ಹಾಕಿದ ಮೇಲೆ ಹೆಸರು ಬದಲಿಸಿದರೆ ಕೊಂಡಿ ತಪ್ಪುತ್ತದೆ. ಹೆಸರಿಡುವ ಕೆಲಸ ಲೆಕ್ಕ ಶುರುವಾಗುವ ಮೊದಲೇ ಮುಗಿದಿರಬೇಕು.)

ಎರಡನೆಯದು ಕಂಟ್ರೋಲ್-ಝಡ್. ಎಕ್ಸೆಲ್‌ನಲ್ಲಿ ಈ ಹಿಂದೆಗೆತದ ಸಾಲು ಫೈಲಿಗೊಂದರಂತೆ ಇರುವುದಿಲ್ಲ, ಒಟ್ಟಿಗೆ ತೆರೆದ ಎಲ್ಲ ಫೈಲುಗಳಿಗೂ ಸೇರಿ ಒಂದೇ. ಮೇ ಫೈಲಿನಲ್ಲಿ ನಿಂತು ನಾಲ್ಕು ಸಲ ಕಂಟ್ರೋಲ್-ಝಡ್ ಒತ್ತಿದರೆ, ಅದರಲ್ಲಿ ಎರಡು ಟ್ಯಾಲಿ ರಿಜಿಸ್ಟರಿನಲ್ಲಿ ಮಾಡಿದ ಬದಲಾವಣೆಯನ್ನು ತೆಗೆದುಹಾಕಿರಬಹುದು. ಎಕ್ಸೆಲ್ ಆ ಫೈಲಿಗೆ ಹಾರುತ್ತದೆ, ಆದರೆ ಒಂದೇ ಥರ ಕಾಣುವ ಹಾಳೆಗಳ ನಡುವೆ ಆ ಹಾರಿಕೆ ಕಣ್ಣಿಗೆ ಬೀಳದೆ ಹೋಗಬಹುದು. ಮೇಲೆ ಪಟ್ಟಿ ಇದ್ದರೆ ಬೆಳಗಿದ ಟ್ಯಾಬ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿದದ್ದು ತಕ್ಷಣ ಕಾಣುತ್ತದೆ. ಲೆಕ್ಕದ ಕೆಲಸದಲ್ಲಿ ಇದೊಂದಕ್ಕೇ ಈ ಪಟ್ಟಿ ಇರಬೇಕು ಎಂದು ನಾನು ವಾದಿಸುತ್ತೇನೆ.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸಿದ್ದು ರಾಯರ ವಿಷಯ. ಒಂದು ಭಾನುವಾರ ಅವರ ಮನೆಗೆ ಲ್ಯಾಪ್‌ಟಾಪ್ ಒಯ್ದಿದ್ದೆ. ಅವರ ತಮ್ಮನದೇ ಒಂದು ಅಂಗಡಿಯ ಲೆಕ್ಕ ನೋಡಿಕೊಡಬೇಕಿತ್ತು. ತಿಂಗಳುಗಳೆಲ್ಲ ಸಾಲಾಗಿ ಮೇಲೆ ಕಾಣುತ್ತಿದ್ದವು. ನಾನು ಏನನ್ನೂ ವಿವರಿಸಲಿಲ್ಲ. ಅವರು ಕನ್ನಡಕ ಸರಿಮಾಡಿಕೊಂಡು ಆ ಸಾಲನ್ನು ಎಡದಿಂದ ಬಲಕ್ಕೆ ಓದಿದರು. ಒಂದು ಬಿಲ್ಲು ಏಪ್ರಿಲ್‌ನಲ್ಲಿ ಸಿಗದಿದ್ದಾಗ, ನಾನು ಮೇ ಮೇಲೆ ಕ್ಲಿಕ್ ಮಾಡುವುದರೊಳಗೆ ಅವರ ಬೆರಳು ಪರದೆಯ ಮೇಲೆ ಜೂನ್ ಮುಟ್ಟಿತ್ತು. "ಈ ಮಾಲು ಕೊಟ್ಟೋನು ಮೂರು ತಿಂಗಳಿಗೊಂದು ಸಲ ರಿಟರ್ನ್ ಹಾಕೋನು, ಮೇ ನೋಡಬೇಡ, ಇದನ್ನ ತೆಗಿ" ಎಂದರು. ಜೂನ್‌ನಲ್ಲೇ ಇತ್ತು. ಸಂಜೆಯೊಳಗೆ ಕಟ್ಟು ಮುಗಿಯಿತು. ಡಿಸೆಂಬರ್‌ನಲ್ಲಿ ಎದ್ದುಹೋದ ಮನುಷ್ಯ ಅಂದು ನಡುವೆ ಕಾಫಿಗೂ ಏಳಲಿಲ್ಲ.

ಅವರಿಗೆ ಆ ಜ್ಞಾನ ಡಿಸೆಂಬರ್‌ನಲ್ಲೂ ಇತ್ತು. ಅದನ್ನು ಲೆಕ್ಕದೊಳಕ್ಕೆ ತರಲು ಬೇಕಾಗಿದ್ದದ್ದು ಒಂದು ಬೆರಳಿನ ಅಗಲದ ಜಾಗ. ಕಂಪ್ಯೂಟರ್ ಮಾಡುವವರು ಒಬ್ಬ ಮನುಷ್ಯ, ಒಂದು ಪರದೆ ಎಂದು ಎಣಿಸಿ ಮಾಡುತ್ತಾರೆ. ನಮ್ಮ ಆಫೀಸು, ಸೊಸೈಟಿ, ಪಂಚಾಯಿತಿ, ತಾಲ್ಲೂಕು ಕಚೇರಿಗಳಲ್ಲಿ ಬಹಳಷ್ಟು ಕೆಲಸ ನಡೆಯುವುದು ಒಬ್ಬರು ಕೂತು, ಇನ್ನೊಬ್ಬರು ಪಕ್ಕದಲ್ಲಿ ನಿಂತು. ಕೂತವರಿಗೆ ಕೀಬೋರ್ಡ್ ಗೊತ್ತು, ನಿಂತವರಿಗೆ ವಿಷಯ ಗೊತ್ತು. ಒತ್ತುವವರಿಗೆ ಮಾತ್ರ ಅರ್ಥವಾಗುವ ಶಾರ್ಟ್‌ಕಟ್ ಎಷ್ಟೇ ವೇಗದ್ದಾದರೂ ನಿಂತವರನ್ನು ಹೊರಗಿಡುತ್ತದೆ. ಕಣ್ಣಿಗೆ ಕಾಣುವ ಒಂದು ಸಾಲು ಇಬ್ಬರದೂ ಆಗುತ್ತದೆ.

ಕನ್ನಡ ಹೆಸರಿನ ಟ್ಯಾಬು

ಕೋರ್ಟ್ ಎದುರಿನ ಒಂದು ಟೈಪಿಂಗ್ ಅಂಗಡಿಯವರ ಹತ್ತಿರ ಈ ವಿಷಯ ಹೇಳಿದ್ದೆ. ಬಾಡಿಗೆ ಕರಾರು, ಅಫಿಡವಿಟ್, ವಂಶವೃಕ್ಷ, ಎಲ್ಲಕ್ಕೂ ಅವರ ಹತ್ತಿರ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡಿದ ಮಾದರಿಗಳಿವೆ. ಬಂದವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಹೆಸರು, ವಿಳಾಸ ತುಂಬುತ್ತಾರೆ. ಅವರ ವರ್ಡಿನಲ್ಲಿ ಟ್ಯಾಬ್ ಪಟ್ಟಿ ಬಂದಾಗ ಒಂದು ಅಡಚಣೆ ಎದುರಾಯಿತು. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲೇ ಕನ್ನಡದ ರೂಪಗಳನ್ನು ಕೂರಿಸಿಕೊಂಡವು. ಕಾಗದದೊಳಗೆ ಆ ಫಾಂಟು ಇರುವುದರಿಂದ ಕನ್ನಡವಾಗಿ ಕಾಣುತ್ತದೆ. ಫೈಲಿನ ಹೆಸರನ್ನು ತೋರಿಸುವುದು ವಿಂಡೋಸ್, ತನ್ನದೇ ಫಾಂಟಿನಲ್ಲಿ. ಹಾಗಾಗಿ ನುಡಿಯ ಹಳೆಯ ಸಂಕೇತದಲ್ಲಿ ಹೆಸರಿಟ್ಟರೆ ಟ್ಯಾಬಿನ ಮೇಲೆ ಕಾಣುವುದು ತಲೆಯ ಮೇಲೆ ಚುಕ್ಕೆ, ಗೀರು ಇರುವ ಅರ್ಥವಿಲ್ಲದ ರೋಮನ್ ಅಕ್ಷರಗಳು. ಇದೇ ಕಾರಣಕ್ಕೆ ಅವರು ಅದುವರೆಗೆ ಎಲ್ಲ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲಿ ಚುಟುಕಾಗಿ ಬರೆದುಕೊಳ್ಳುತ್ತಿದ್ದರು. ಆ ಚುಟುಕು ಅವರಿಗಷ್ಟೇ ಓದಲು ಬರುತ್ತಿತ್ತು.

ಯೂನಿಕೋಡ್‌ನಲ್ಲಿ (ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಪದ್ಧತಿ) ಹೆಸರಿಟ್ಟರೆ ಈ ತೊಂದರೆ ಇಲ್ಲ. ವಿಂಡೋಸ್ ಎಕ್ಸ್‌ಪಿಯ ಕಾಲಕ್ಕೇ ತುಂಗಾ ಫಾಂಟು ಬಂದಿತ್ತು, ಈಗ ನಿರ್ಮಲಾ ಇದೆ. ಕಾಗದದ ಒಳಗಿನದು ಹಳೆಯ ನುಡಿಯಲ್ಲೇ ಇರಲಿ, ಫೈಲಿನ ಹೆಸರಿಗೆ ಮಾತ್ರ ಕೀಲಿಮಣೆಯನ್ನು ಯೂನಿಕೋಡಿಗೆ ಬದಲಿಸಿಕೊಂಡರೆ ಸಾಕು. ಹಾಗೆ ಮಾಡಿದ ಮೇಲೆ ಪಕ್ಕದಲ್ಲಿ ಕೂತ ರೈತರೊಬ್ಬರು ತಾವೇ ಓದಿ, "ನಂದು ಬಾಡಿಗೆದಲ್ಲ ಸ್ವಾಮಿ, ಭೋಗ್ಯದ್ದು, ಆ ಕಡೆದು" ಎಂದು ತೋರಿಸಿದರು ಎಂದು ಅಂಗಡಿಯವರು ಹೇಳಿದರು. ಒಂದು ಸೂಕ್ಷ್ಮವಿದೆ. ಕನ್ನಡದ ಹೆಸರು ಅಗಲ ಜಾಸ್ತಿ ತಿನ್ನುತ್ತದೆ. 'ಬಾಡಿಗೆ ಕರಾರು' ಮತ್ತು 'ಬಾಡಿಗೆ ಕರಾರು ರದ್ದತಿ' ಎರಡೂ ಕತ್ತರಿಸಿದ ಮೇಲೆ ಒಂದೇ ಥರ ಕಾಣುತ್ತವೆ. ಬೇರೆ ಮಾಡಿ ತೋರಿಸುವ ಮಾತು ಮೊದಲು ಬರಬೇಕು: 'ರದ್ದತಿ, ಬಾಡಿಗೆ'.

ಬೆಲೆ ಮತ್ತು ನಂಬಿಕೆ

ಇಷ್ಟು ಹೇಳಿದ ಮೇಲೆ, ಇದನ್ನು ಎಲ್ಲರೂ ಇಂದೇ ಹಾಕಿಕೊಳ್ಳಿ ಎನ್ನಲು ನನಗೆ ಮನಸ್ಸಿಲ್ಲ. ಇಂಥ ಆಡ್-ಇನ್ ಎಕ್ಸೆಲ್‌ನ ಒಳಗೇ, ಎಕ್ಸೆಲ್‌ಗೆ ಇರುವ ಎಲ್ಲ ಅಧಿಕಾರದೊಂದಿಗೆ ಓಡುತ್ತದೆ. ತೆರೆದ ಫೈಲಿನಲ್ಲಿ ಏನಿದೆಯೋ ಅದನ್ನು ಓದಲು ಅದಕ್ಕೆ ತಡೆ ಇಲ್ಲ. ನಮ್ಮ ಫೈಲುಗಳಲ್ಲಿ ಜನರ ಪ್ಯಾನ್ ಸಂಖ್ಯೆ, ಬ್ಯಾಂಕ್ ಖಾತೆ, ವ್ಯಾಪಾರದ ಗುಟ್ಟು ಎಲ್ಲ ಇರುತ್ತದೆ. ಹಾಗಾಗಿ ಅದನ್ನು ತಯಾರಕರ ಸ್ವಂತ ತಾಣದಿಂದಲೇ ಇಳಿಸಬೇಕು. ಉಚಿತ ಸಾಫ್ಟ್‌ವೇರುಗಳನ್ನು ರಾಶಿ ಹಾಕಿರುವ ತಾಣಗಳಲ್ಲಿ ಬೇಡದ ಇನ್ನೇನನ್ನೋ ಜೊತೆಗೆ ಅಂಟಿಸಿ ಕೊಡುವುದಿದೆ. ಆಫೀಸಿನ ಯಂತ್ರವಾದರೆ ಯಜಮಾನರ ಒಪ್ಪಿಗೆ ಇಲ್ಲದೆ ಹಾಕಬಾರದು. ತಾಂತ್ರಿಕವಾಗಿ ನೋಡಬೇಕಾದದ್ದು ಕಡಿಮೆ: ನಿಮ್ಮ ಆಫೀಸ್ 32 ಬಿಟ್ಟಿನದೋ 64 ಬಿಟ್ಟಿನದೋ ನೋಡಿ ಅದಕ್ಕೆ ಹೊಂದುವುದನ್ನೇ ಹಾಕಬೇಕು. ಪಟ್ಟಿ ಇದ್ದಕ್ಕಿದ್ದಂತೆ ಮಾಯವಾದರೆ ಫೈಲ್, ಆಪ್ಷನ್ಸ್, ಆಡ್-ಇನ್ಸ್‌ಗೆ ಹೋಗಿ ಕಾಮ್ ಆಡ್-ಇನ್ಸ್ ಪಟ್ಟಿಯಲ್ಲಿ ಟಿಕ್ ಇದೆಯೇ ನೋಡಬೇಕು. ಎಕ್ಸೆಲ್ ತೆರೆಯುವಾಗಲೇ ಮುಗ್ಗರಿಸಿದರೆ ಕಂಟ್ರೋಲ್ ಒತ್ತಿಹಿಡಿದು ತೆರೆದರೆ ಸೇಫ್ ಮೋಡಿನಲ್ಲಿ, ಈ ಆಡ್-ಇನ್‌ಗಳಿಲ್ಲದೆ ಬರುತ್ತದೆ.

ಹೊರಗಿನ ಆಡ್-ಇನ್ ಬೇಡವೇ ಬೇಡ ಎನ್ನುವವರಿಗೆ ಇನ್ನೊಂದು ದಾರಿಯಿದೆ. ಎಕ್ಸೆಲ್‌ನ ಒಳಗೇ ಇರುವ ಪ್ರೋಗ್ರಾಮ್ ಬರೆಯುವ ಭಾಷೆ ವಿಬಿಎಯಲ್ಲಿ ತೆರೆದ ಫೈಲುಗಳ ಹೆಸರನ್ನು ಒಂದೊಂದಾಗಿ ಕೇಳಿ, ಚಿಕ್ಕ ಫಾರ್ಮಿನಲ್ಲಿ ಪಟ್ಟಿ ಮಾಡಿ, ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಆ ಫೈಲನ್ನು ಮುಂದೆ ತರುವ ಮ್ಯಾಕ್ರೋ ಬರೆಯುವುದು ಕೆಲವೇ ಸಾಲಿನ ಕೆಲಸ. ಪರ್ಸನಲ್ ವರ್ಕ್‌ಬುಕ್‌ನಲ್ಲಿ ಇಟ್ಟರೆ ಎಕ್ಸೆಲ್ ತೆರೆದಾಗಲೆಲ್ಲ ಸಿಗುತ್ತದೆ. ಆಡ್-ಇನ್‌ನಷ್ಟು ಚೆಂದವಿಲ್ಲ, ಆದರೆ ಒಳಗೆ ಏನಿದೆ ಎಂಬುದನ್ನು ನೀವೇ ಬರೆದಿರುತ್ತೀರಿ.

ಇನ್ನು ಬೆಲೆ. ಉಚಿತ ಎಂದು ಬರೆದಿದ್ದರೂ ಅದು ಯಾರಿಗೆ ಉಚಿತ ಎಂದು ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಅದನ್ನು ಓದಬೇಕು. ಮನೆಯ ಸ್ವಂತ ಬಳಕೆಗೆ ಬಿಟ್ಟದ್ದನ್ನು ಫೀಸು ತೆಗೆದುಕೊಂಡು ಕೆಲಸ ಮಾಡುವ ಆಫೀಸಿನಲ್ಲಿ ಓಡಿಸುವುದು ಸರಿಯಲ್ಲ. ಬೇರೆಯವರ ಲೆಕ್ಕದ ತಪ್ಪು ಹುಡುಕುವುದೇ ವೃತ್ತಿಯಾದ ನಮಗೆ ಈ ವಿಷಯದಲ್ಲಿ ರಿಯಾಯಿತಿ ಇರಬಾರದು. ಇದನ್ನು ನಮ್ಮ ಆಡಿಟರ್ ಹತ್ತಿರ ಹೇಳಿದಾಗ ಅವರು ಒಪ್ಪಿದರು. ಎಲ್ಲ ಯಂತ್ರಗಳಿಗೂ ಕೊಳ್ಳುವುದು ಹೆಚ್ಚಾಯಿತೆಂದು, ಜೋಡಿಯಾಗಿ ಕೂತು ತಾಳೆ ನೋಡುವ ಮೇಜಿನ ಯಂತ್ರಕ್ಕೆ ಲೈಸೆನ್ಸ್ ತರಿಸುವುದೆಂದು ತೀರ್ಮಾನವಾಗಿದೆ. ಉಳಿದ ಯಂತ್ರಗಳಿಗೆ ಮ್ಯಾಕ್ರೋ ಬರೆದುಕೊಡುವ ಕೆಲಸ ನನ್ನದು.